ಸೋಪಿನ ಕಾರ್ಖಾನೆಯಿಂದ ಕಾಫಿ ತೋಟಕ್ಕೆ

1992ರಲ್ಲಿ ಬೆಲ್ಜಿಯಂ ದೇಶದ ಮಲ್ಲೆ ಎಂಬ ಊರಿನಲ್ಲಿ ಹೊಸದೊಂದು ಕಾರ್ಖಾನೆ ಶುರುವಾಯಿತು. ಅದರ ಚಾವಣಿಯ ಮೇಲೆ ಹುಲ್ಲು ಬೆಳೆಸಿದ್ದರು. ಬಟ್ಟೆ, ಪಾತ್ರೆ ತೊಳೆಯುವ ಪುಡಿ ಮತ್ತು ದ್ರಾವಣ ತಯಾರಿಸುವ ಎಕೋವರ್ ಕಂಪನಿಯ ಕಾರ್ಖಾನೆ ಅದು. ಕೆರೆ, ಹೊಳೆಗಳಲ್ಲಿ ಪಾಚಿ ಉಕ್ಕಿಸುವ ಫಾಸ್ಫೇಟ್ ಅದರ ಸರಕಿನಲ್ಲಿ ಇರಲಿಲ್ಲ. ನೊರೆಗೆ ಪೆಟ್ರೋಲಿಯಂ ಬದಲು ಗಿಡಮರಗಳ ಎಣ್ಣೆಯಿಂದ ತೆಗೆದ, ನೀರು ಮಣ್ಣು ಸೇರಿದ ಮೇಲೆ ಬೇಗ ಕೊಳೆತುಹೋಗುವ ವಸ್ತುವನ್ನು ಬಳಸುತ್ತಿದ್ದರು. ಪರಿಸರಕ್ಕೆ ಕೆಡುಕಾಗದಂತೆ ಕಾರ್ಖಾನೆ ನಡೆಸಬಹುದು ಎಂಬುದಕ್ಕೆ ಇದೇ ಸಾಕ್ಷಿ ಎಂದು ಯುರೋಪಿನ ಪತ್ರಿಕೆಗಳು ಬರೆದವು. ಕಂಪನಿಯನ್ನು ನಡೆಸುತ್ತಿದ್ದವರು ಗುಂಟರ್ ಪೌಲಿ. 1956ರಲ್ಲಿ ಆಂಟ್‌ವರ್ಪ್‌ನಲ್ಲಿ ಹುಟ್ಟಿದ ಉದ್ಯಮಿ.

ಆದರೆ ನೊರೆಗೆ ಬೇಕಾದ ಎಣ್ಣೆ ಬರುತ್ತಿದ್ದುದು ಎಲ್ಲಿಂದ? ಇಂಥ ಸೋಪಿಗೆ ಬೇಡಿಕೆ ಹೆಚ್ಚಿದಂತೆ ಆಗ್ನೇಯ ಏಷ್ಯಾದ ತಾಳೆ ಎಣ್ಣೆಗೂ ಬೇಡಿಕೆ ಹೆಚ್ಚಿತು. ಇಂಡೋನೇಷ್ಯಾದಲ್ಲಿ ಮಳೆಕಾಡು ಕಡಿದು, ಸುಟ್ಟು ತಾಳೆ ತೋಟ ಮಾಡುತ್ತಿದ್ದರು. ಒರಾಂಗುಟಾನ್‌ಗಳು ಅಲ್ಲಿಯ ನೆಲೆ ಕಳೆದುಕೊಳ್ಳುತ್ತಿದ್ದವು. ಯುರೋಪಿನ ನದಿ ತಿಳಿಯಾಗಲು ಇನ್ನೊಂದು ಖಂಡದ ಕಾಡು ಹೋಗುತ್ತಿದೆ ಎಂಬುದು ಪೌಲಿಯವರಿಗೆ ಅರಿವಾಯಿತು. ಅಷ್ಟು ಕಾಡು ಕಡಿದು ಬೆಳೆಸಿದ ತಾಳೆಮರದಿಂದ ಎಣ್ಣೆಯಾಗಿ ಬರುವುದಾದರೂ ಅದರ ಒಟ್ಟು ತೂಕದ ಸಣ್ಣ ಪಾಲು. ಗರಿ, ಗೊನೆ, ನಾರು, ಕಾಂಡ ಎಲ್ಲವೂ ಕಸದ ಲೆಕ್ಕ. ತಾವು ಮಾಡುತ್ತಿರುವುದು ಅರ್ಧ ಕೆಲಸ ಎನಿಸಿದ ಪೌಲಿ ಎಕೋವರ್ ಬಿಟ್ಟರು. ಮುಂದೆ ಅವರು ಕಟ್ಟಿದ ಝೆರಿ ಎಂಬ ಜಾಲದ ಬೇರು ಈ ಸೋಪಿನ ಕಾರ್ಖಾನೆಯಲ್ಲಿದೆ.

ಉದ್ಯಮದ ಕಸವನ್ನು ಕುರಿತ ಚಿಂತೆ ಇದಕ್ಕಿಂತ ಬಹಳ ಹಳೆಯದು. ಅದಕ್ಕೂ ಸೋಪಿನ ನಂಟಿದೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಸೋಪಿಗೂ ಗಾಜಿಗೂ ಬೇಕಾದ ಸೋಡಾವನ್ನು ಲೆಬ್ಲಾಂಕ್ ವಿಧಾನದಲ್ಲಿ ತಯಾರಿಸುತ್ತಿದ್ದರು. ಉಪ್ಪಿಗೆ ಗಂಧಕಾಮ್ಲ ಬೆರೆಸಿ ಕಾಯಿಸುವುದು ಅದರ ಮೊದಲ ಹಂತ. ಆಗ ಹೊಮ್ಮುವ ಹೈಡ್ರೋಕ್ಲೋರಿಕ್ ಆಮ್ಲದ ಆವಿಯನ್ನು ಎತ್ತರದ ಚಿಮಣಿಗಳಿಂದ ಗಾಳಿಗೆ ಬಿಡುತ್ತಿದ್ದರು. ಸೇಂಟ್ ಹೆಲೆನ್ಸ್, ವಿಡ್ನಿಸ್ ಊರುಗಳ ಸುತ್ತ ಬೆಳೆ ಒಣಗಿತು, ಮರಗಳು ಬೋಳಾದವು. ಆವಿಯನ್ನು ನೀರಿನಲ್ಲಿ ಕರಗಿಸಿ ಹಿಡಿಯುವ ಗೋಪುರವನ್ನು ವಿಲಿಯಂ ಗಾಸೇಜ್ ಎಂಬಾತ 1836ರಲ್ಲೇ ಕಂಡುಹಿಡಿದಿದ್ದ. ಮುಂದೆ ವಿಡ್ನಿಸ್‌ನಲ್ಲಿ ದೊಡ್ಡ ಸೋಪು ತಯಾರಕನಾದವನೂ ಅವನೇ. ಆದರೂ ಬಹುಪಾಲು ಮಾಲೀಕರು ಆ ಗೋಪುರದ ಖರ್ಚಿಗೆ ಹಿಂಜರಿದರು.

1863ರಲ್ಲಿ ಬ್ರಿಟಿಷ್ ಸಂಸತ್ತು ಆಲ್ಕಲಿ ಕಾಯ್ದೆ ತಂದಿತು. ಆಮ್ಲದ ಆವಿಯಲ್ಲಿ ಶೇ. 95ರಷ್ಟನ್ನು ಹಿಡಿದಿಡಲೇಬೇಕು ಎಂದು ಅದು ವಿಧಿಸಿತು. ಅದನ್ನು ಜಾರಿಗೆ ತಂದ ಮೊದಲ ಇನ್‌ಸ್ಪೆಕ್ಟರ್ ರಾಬರ್ಟ್ ಆಂಗಸ್ ಸ್ಮಿತ್. ಆಮ್ಲಮಳೆಯನ್ನು ಜಗತ್ತಿಗೆ ಪರಿಚಯಿಸಿದ ರಸಾಯನ ವಿಜ್ಞಾನಿ ಅವನೇ. ಕಾನೂನಿಗೆ ಹೆದರಿ ಹಿಡಿದಿಟ್ಟ ಆಮ್ಲವನ್ನು ಮೊದಮೊದಲು ಹೊಳೆಗೆ ಸುರಿದರು. ಕೆಲವೇ ವರ್ಷಗಳಲ್ಲಿ ವೆಲ್ಡನ್, ಡೀಕನ್ ಎಂಬ ಇಬ್ಬರು ಬೇರೆ ಬೇರೆ ದಾರಿಯಲ್ಲಿ ಆ ಆಮ್ಲದಿಂದ ಕ್ಲೋರಿನ್ ತೆಗೆದರು. ಕ್ಲೋರಿನ್‌ನಿಂದ ಬ್ಲೀಚಿಂಗ್ ಪೌಡರ್ ಆಯಿತು. ಹತ್ತಿ ಗಿರಣಿಗಳೂ ಕಾಗದದ ಕಾರ್ಖಾನೆಗಳೂ ಅದನ್ನು ಕೊಳ್ಳಲು ಸಾಲುಗಟ್ಟಿದವು. ಊರಿಗೆ ಊರನ್ನೇ ಸುಟ್ಟಿದ್ದ ಆವಿ ಕಾರ್ಖಾನೆಯ ಲಾಭದ ಬಾಬತ್ತಾಯಿತು.

ಅದೇ ಕಾಲಕ್ಕೆ ಕಲ್ಲಿದ್ದಲ ಅನಿಲ ತಯಾರಿಸುವ ಕಾರ್ಖಾನೆಗಳಲ್ಲಿ ಉಳಿಯುತ್ತಿದ್ದ ಡಾಂಬರು ಬಣ್ಣಗಳ ಗಣಿಯಾಯಿತು. 1856ರಲ್ಲಿ ಹದಿಹರೆಯದ ವಿಲಿಯಂ ಪರ್ಕಿನ್ ಅದರಿಂದ ನೇರಳೆ ಬಣ್ಣ ತೆಗೆದ. ಲಂಡನ್ನಿನ ಪೀಟರ್ ಲುಂಡ್ ಸಿಮಂಡ್ಸ್ ಎಂಬ ಪತ್ರಕರ್ತ 1862ರಲ್ಲಿ ಇಂಥ ಕಸಗಳ ಬಳಕೆಯ ಬಗ್ಗೆಯೇ ಒಂದು ದಪ್ಪ ಪುಸ್ತಕ ಬರೆದ. ಚಿಂದಿ ಬಟ್ಟೆ, ಮೂಳೆ, ಹೊಟ್ಟು, ನಾರು, ಮೀನಿನ ಎಣ್ಣೆ ಎಲ್ಲದರ ವಿವರ ಅದರಲ್ಲಿತ್ತು. ಕಸ ಕಾಸಾಗುತ್ತದೆ ಎಂಬುದು ಆ ಶತಮಾನದ ಉದ್ಯಮಿಗಳಿಗೆ ಚೆನ್ನಾಗಿ ಗೊತ್ತಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಪೆಟ್ರೋಲಿಯಂ ಅಗ್ಗವಾಗಿ, ಕಚ್ಚಾವಸ್ತು ಹಡಗಿನಲ್ಲಿ ಹೇರಳವಾಗಿ ಬರತೊಡಗಿದ ಮೇಲೆ ಆ ಅರಿವು ಮಂಕಾಯಿತು.

ಅದು ಮತ್ತೆ ಗಟ್ಟಿಯಾಗಿ ಕಾಣಿಸಿದ್ದು ಡೆನ್ಮಾರ್ಕಿನ ಕಲುಂಡ್‌ಬೋರ್ಗ್ ಎಂಬ ಬಂದರು ಪಟ್ಟಣದಲ್ಲಿ. ಅಲ್ಲಿ ಯಾರೂ ಯೋಜನೆ ಹಾಕಿ ಶುರುಮಾಡಿದ್ದಲ್ಲ. 1961ರಲ್ಲಿ ಅಂತರ್ಜಲ ಸಾಲದ ತೈಲ ಸಂಸ್ಕರಣಾಗಾರಕ್ಕೆ ಟಿಸ್ಸೋ ಸರೋವರದ ನೀರು ತರಲು ಕೊಳವೆ ಹಾಕಿದರು. 1972ರಲ್ಲಿ ಅದೇ ಸಂಸ್ಕರಣಾಗಾರ ಸುಮ್ಮನೆ ಉರಿಸಿ ಕಳೆಯುತ್ತಿದ್ದ ಅನಿಲವನ್ನು ಪಕ್ಕದ ಜಿಪ್ಸಮ್ ಹಲಗೆ ಕಾರ್ಖಾನೆ ಕೊಂಡಿತು. 1976ರಿಂದ ನೋವೋ ಔಷಧ ಕಂಪನಿಯ ಕೆಸರು ರೈತರ ಹೊಲಕ್ಕೆ ಗೊಬ್ಬರವಾಗಿ ಹೋಯಿತು. 1979ರಲ್ಲಿ ವಿದ್ಯುತ್ ಸ್ಥಾವರದ ಹಾರುಬೂದಿ ಸಿಮೆಂಟಿಗೆ ಸೇರಿತು. 1981ರಲ್ಲಿ ಆ ಸ್ಥಾವರದ ಬಿಸಿ ಪಟ್ಟಣದ ಮನೆಗಳನ್ನು ಬೆಚ್ಚಗಿಡತೊಡಗಿತು, ಮರುವರ್ಷ ಅದರ ಉಗಿ ನೋವೋಗೂ ಸಂಸ್ಕರಣಾಗಾರಕ್ಕೂ ಹೋಯಿತು. 1993ರಲ್ಲಿ ಹೊಗೆಯಿಂದ ಗಂಧಕ ತೆಗೆಯುವ ಯಂತ್ರ ಹಾಕಿದಾಗ ಹುಟ್ಟಿದ ಜಿಪ್ಸಮ್ಮನ್ನೂ ಅದೇ ಹಲಗೆ ಕಾರ್ಖಾನೆ ಕೊಂಡಿತು.

ಪ್ರತಿಯೊಂದೂ ಇಬ್ಬರ ನಡುವಿನ ವ್ಯಾಪಾರದ ಕರಾರು. ಇಬ್ಬರಿಗೂ ಹಣ ಉಳಿಯುವುದಾದರೆ ಮಾತ್ರ ಸಹಿ ಬೀಳುತ್ತಿತ್ತು. ಊರು ಚಿಕ್ಕದಾದ್ದರಿಂದ ಕಾರ್ಖಾನೆಗಳ ವ್ಯವಸ್ಥಾಪಕರು ಒಬ್ಬರನ್ನೊಬ್ಬರು ಬಲ್ಲವರಾಗಿದ್ದರು. ಅದೆಲ್ಲವೂ ಸೇರಿ ಒಂದು ಜಾಲವಾಗಿದೆ ಎಂದು ಅವರಿಗೇ ಹೊಳೆದದ್ದು 1980ರ ದಶಕದ ಕೊನೆಗೆ. ಅದೇ ಹೊತ್ತಿಗೆ ಈ ವಿಚಾರ ಬರಹದಲ್ಲೂ ಕಾಣಿಸಿತು. ಹಿಂದೆ ನಾಸಾದ ಮುಖ್ಯಸ್ಥರಾಗಿದ್ದು, ಆಗ ಜನರಲ್ ಮೋಟರ್ಸ್‌ನ ಸಂಶೋಧನೆಯ ಹೊಣೆ ಹೊತ್ತಿದ್ದ ರಾಬರ್ಟ್ ಫ್ರಾಶ್ ತಮ್ಮ ಸಹೋದ್ಯೋಗಿ ನಿಕೊಲಸ್ ಗ್ಯಾಲೊಪೌಲಸ್ ಜೊತೆ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಗೆ ಬರೆದ ಲೇಖನ 1989ರ ಸೆಪ್ಟೆಂಬರಿನಲ್ಲಿ ಬಂತು. ಕಾಡಿನಲ್ಲಿ ಒಂದು ಜೀವಿ ಬಿಟ್ಟದ್ದು ಇನ್ನೊಂದಕ್ಕೆ ಆಹಾರವಾಗುವಂತೆ ಕಾರ್ಖಾನೆಗಳೂ ನಡೆಯಬೇಕು ಎಂದು ಅವರು ವಾದಿಸಿದ್ದರು. ಪೌಲಿ ಎಕೋವರ್ ಬಿಡುವ ಹೊತ್ತಿಗೆ ಈ ವಿಚಾರ ವಿದ್ವತ್ ವಲಯದಲ್ಲಿ ಬೇರೂರಿತ್ತು.

ಟೋಕಿಯೋದ ಶಿಬುಯಾ ಬಡಾವಣೆಯಲ್ಲಿ ವಿಶ್ವಸಂಸ್ಥೆಯ ವಿಶ್ವವಿದ್ಯಾಲಯವಿದೆ. ಅದರ ರೆಕ್ಟರ್ ಆಗಿದ್ದ ಬ್ರೆಜಿಲ್‌ನ ಹೈಟರ್ ಗುರ್ಗುಲಿನೊ ಡಿಸೋಜಾ ಅವರು ಪೌಲಿಯವರನ್ನು ಕರೆಸಿಕೊಂಡರು. 1994ರಲ್ಲಿ ಜಪಾನ್ ಸರ್ಕಾರದ ನೆರವಿನಿಂದ ಝೀರೋ ಎಮಿಷನ್ಸ್ ರಿಸರ್ಚ್ ಇನಿಷಿಯೇಟಿವ್, ಅಂದರೆ ಝೆರಿ, ಅಲ್ಲಿ ಆರಂಭವಾಯಿತು. ಹಸಿರುಮನೆ ಅನಿಲ ತಗ್ಗಿಸುವ ಕ್ಯೋಟೋ ಒಪ್ಪಂದಕ್ಕೆ ಆಗ ಇನ್ನೂ ಮೂರು ವರ್ಷವಿತ್ತು. ಕಾರ್ಖಾನೆಯೊಳಗೆ ಹೋದ ಕಚ್ಚಾವಸ್ತುವೆಲ್ಲ ಸರಕಾಗಿಯೋ, ಮತ್ತೊಂದು ಕಸುಬಿನ ಕಚ್ಚಾವಸ್ತುವಾಗಿಯೋ ಹೊರಬರಬೇಕು, ಗಾಳಿಗೆ, ನೀರಿಗೆ, ನೆಲಕ್ಕೆ ಏನೂ ಬೀಳಬಾರದು ಎಂಬುದು ಅದರ ಗುರಿ. ಅದೇ 1994ರಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ ಇಂಟರ್‌ಫೇಸ್ ಎಂಬ ಕಾರ್ಪೆಟ್ ಕಂಪನಿಯ ಯಜಮಾನ ರೇ ಆಂಡರ್ಸನ್ ತಮ್ಮ ಕಾರ್ಖಾನೆಗಳ ಹಾನಿಯನ್ನು ಸೊನ್ನೆಗಿಳಿಸುವ ಪಣ ತೊಟ್ಟರು. ಪಣವೊಂದೇ ಆದರೂ ದಾರಿ ಬೇರೆ. ಆಂಡರ್ಸನ್ ಒಂದು ಕಂಪನಿಯ ಒಳಗನ್ನು ತಿದ್ದಲು ಹೊರಟರು. ಝೆರಿ ಬೇರೆ ಬೇರೆ ಕಸುಬಿನವರನ್ನು ಒಬ್ಬರಿಗೊಬ್ಬರು ಕೂಡಿಸಲು ಹೊರಟಿತು.

ಝೆರಿಯ ಮೊದಲ ಜಾಗತಿಕ ಸಮಾವೇಶ 1995ರಲ್ಲಿ ಟೋಕಿಯೋದಲ್ಲಿ ನಡೆಯಿತು. ಮರುವರ್ಷ ಅಮೆರಿಕದ ಚಟ್ಟನೂಗ ನಗರದಲ್ಲಿ. 1969ರಲ್ಲಿ ದೇಶದಲ್ಲೇ ಅತಿ ಹೊಲಸು ಗಾಳಿಯ ನಗರ ಎನಿಸಿಕೊಂಡು, ಆಮೇಲೆ ಊರಿನವರೇ ಮುಂದೆ ನಿಂತು ಸರಿಪಡಿಸಿಕೊಂಡ ನಗರ ಅದು. 1997ರಲ್ಲಿ ಸಮಾವೇಶ ಜಕಾರ್ತಾಕ್ಕೆ ಬಂತು. ಅದೇ ವರ್ಷ ಸುಮಾತ್ರಾ, ಬೋರ್ನಿಯೋಗಳ ಕಾಡಿಗೆ ಬೆಂಕಿ ಬಿತ್ತು. ತೋಟಕ್ಕೆಂದು ಹಚ್ಚಿದ ಬೆಂಕಿ ಎಲ್ ನಿನೊ ತಂದ ಬರದಲ್ಲಿ ಹತೋಟಿ ತಪ್ಪಿತು. ಸಿಂಗಪುರ, ಮಲೇಷ್ಯಾಗಳನ್ನೂ ಹೊಗೆ ಮುಚ್ಚಿತು. ಎಕೋವರ್‌ನಲ್ಲಿ ಪೌಲಿಯವರನ್ನು ಕಾಡಿದ್ದ ಪ್ರಶ್ನೆಗೆ ಇಂಥ ಸಮಾವೇಶಗಳು ಮಾತ್ರ ಉತ್ತರವಾಗಲಾರವು ಎಂದು ಆ ವರ್ಷ ಜಗತ್ತಿಗೇ ಕಾಣಿಸಿತು.

ಝೆರಿಯ ನಿಜವಾದ ಕಸುವು ಇದ್ದದ್ದು ಸಣ್ಣ ದೇಶಗಳ ಸಣ್ಣ ಪ್ರಯೋಗಗಳಲ್ಲಿ. ಅವುಗಳಿಗೆ ಅಡಿಪಾಯ ಹಾಕಿದವರಲ್ಲಿ ಮುಖ್ಯರು ಮಾರಿಷಸ್‌ನ ಜಾರ್ಜ್ ಚಾನ್. ಲಂಡನ್ನಿನಲ್ಲಿ ಕಲಿತ ನೈರ್ಮಲ್ಯ ಎಂಜಿನಿಯರ್. ಪಾಶ್ಚಾತ್ಯ ಮಾದರಿಯ ಕೊಳಚೆ ಶುದ್ಧೀಕರಣದಲ್ಲಿ ವೃತ್ತಿ ಕಳೆದ ಇವರು ನಿವೃತ್ತಿಯ ಬಳಿಕ ಚೀನಾಕ್ಕೆ ಹೋಗಿ ಅಲ್ಲಿನ ರೈತರ ಬಳಿ ಮತ್ತೆ ವಿದ್ಯಾರ್ಥಿಯಾದರು. ದಕ್ಷಿಣ ಚೀನಾದ ಪರ್ಲ್ ನದಿಯ ಮುಖಜಭೂಮಿಯಲ್ಲಿ ಶತಮಾನಗಳಿಂದ ಒಂದು ಬೇಸಾಯ ನಡೆದುಬಂದಿತ್ತು. ಕೊಳದ ಬದುವಿನ ಮೇಲೆ ಹಿಪ್ಪುನೇರಳೆ. ಅದರ ಸೊಪ್ಪು ರೇಷ್ಮೆ ಹುಳುವಿಗೆ. ಹುಳುವಿನ ಹಿಕ್ಕೆ, ತಿಂದುಳಿದ ಸೊಪ್ಪು ಕೊಳದ ಮೀನಿಗೆ. ಕೊಳದ ತಳದ ಹೂಳು ಮರಳಿ ಹಿಪ್ಪುನೇರಳೆಯ ಬುಡಕ್ಕೆ. ಯಾವ ಹಂತದಲ್ಲೂ ಕಸ ಎನ್ನುವಂಥದ್ದು ಉಳಿಯುತ್ತಿರಲಿಲ್ಲ.

ಚಾನ್ ಈ ವಿದ್ಯೆಯನ್ನು ಫಿಜಿ ದ್ವೀಪದ ರಾಜಧಾನಿ ಸುವಾ ಬಳಿಯ ಮೊಂಟ್‌ಫೋರ್ಟ್ ಬಾಯ್ಸ್ ಟೌನ್‌ಗೆ ತಂದರು. ಬಡ ಹುಡುಗರಿಗೆ ಕಸುಬು ಕಲಿಸುವ ಶಾಲೆ ಅದು. ಬಿಯರ್ ಕಾರ್ಖಾನೆಯಿಂದ ಹೊರಬಿದ್ದ ಧಾನ್ಯದ ಬೂಸಾದಲ್ಲಿ ಅಲ್ಲಿ ಅಣಬೆ ಬೆಳೆದರು. ಅಣಬೆ ತೆಗೆದ ಮೇಲೆ ಉಳಿದದ್ದು ಹಂದಿಗಳಿಗೆ ಮೇವು. ಹಂದಿಯ ಸಗಣಿ ಗೋಬರ್ ಗ್ಯಾಸ್ ಗುಂಡಿಗೆ. ಅಲ್ಲಿಂದ ಬಂದ ಅನಿಲ ಒಲೆಗೆ. ಬಗ್ಗಡದ ತಿಳಿ ಪಾಚಿ ಬೆಳೆಯುವ ತೊಟ್ಟಿಗೆ, ಅದನ್ನು ದಾಟಿ ಮೀನಿನ ಕೊಳಕ್ಕೆ. ಕೊಳದ ಬದುವಿನಲ್ಲಿ, ನೀರಿನ ಮೇಲೆ ತೇಲುವ ಹಲಗೆಗಳಲ್ಲಿ ತರಕಾರಿ. ಬಿಯರ್ ತಯಾರಿಕೆಯಲ್ಲಿ ಧಾನ್ಯದಿಂದ ಹೋಗುವುದು ಮುಖ್ಯವಾಗಿ ಪಿಷ್ಟ. ಪ್ರೊಟೀನ್ ಮತ್ತು ನಾರು ಬೂಸಾದಲ್ಲೇ ಉಳಿಯುತ್ತವೆ. ದನಕ್ಕೆ ಹಾಕಿ ಮುಗಿಸುವುದರ ಬದಲು ಅದಕ್ಕೆ ನಾಲ್ಕಾರು ಮಜಲು ಕೊಟ್ಟದ್ದು ಇಲ್ಲಿಯ ಹೊಸತನ.

ಇದೇ ಮಾದರಿ ಆಫ್ರಿಕಾಕ್ಕೂ ಹೋಯಿತು. ತಾಮ್ರದ ಗಣಿಗೆ ಹೆಸರಾದ ನಮೀಬಿಯಾದ ಸುಮೆಬ್ ಪಟ್ಟಣದಲ್ಲಿ 1990ರ ದಶಕದ ಉತ್ತರಾರ್ಧದಲ್ಲಿ ಟುನ್ವೇನಿ ಎಂಬ ಜೋಳದ ಬಿಯರ್ ಕಾರ್ಖಾನೆಗೆ ಅಣಬೆ, ಹಂದಿ, ಗೋಬರ್ ಗ್ಯಾಸ್, ಪಾಚಿ ಮತ್ತು ಮೀನಿನ ಕೊಳಗಳನ್ನು ಜೋಡಿಸಿದರು. ನಮೀಬಿಯಾ ವಿಶ್ವವಿದ್ಯಾಲಯದಲ್ಲಿದ್ದ ಟಾಂಜಾನಿಯಾದ ಕಡಲಕಳೆ ತಜ್ಞ ಕೆಟೊ ಮ್ಷಿಗೇನಿ ಆಫ್ರಿಕಾದಲ್ಲಿ ಈ ಜಾಲದ ಕೊಂಡಿಯಾದರು. ಮಳೆ ಬಿದ್ದಾಗ ಹುತ್ತದ ಬುಡದಲ್ಲಿ ಏಳುವ ಒಮಜೋವಾ ಎಂಬ ದೊಡ್ಡ ಅಣಬೆಯನ್ನು ನಮೀಬಿಯಾದ ಜನ ಮೊದಲಿನಿಂದಲೂ ಇಷ್ಟಪಟ್ಟು ತಿನ್ನುತ್ತಿದ್ದರು. ನಮ್ಮ ಮಲೆನಾಡಿನವರು ಹುತ್ತದ ಅಣಬೆಗೆ ಕಾಯುವ ಹಾಗೆಯೇ. ಜನಕ್ಕೆ ರುಚಿ ಗೊತ್ತಿದ್ದ ಪದಾರ್ಥದಿಂದ ಶುರುಮಾಡಿದ್ದರಿಂದ ಅಣಬೆ ಕೃಷಿಯ ಮಾತು ಅಲ್ಲಿ ಪರಕೀಯವಾಗಲಿಲ್ಲ. 1998ರ ಸಮಾವೇಶ ಆ ದೇಶದ ರಾಜಧಾನಿ ವಿಂಡ್‌ಹುಕ್‌ನಲ್ಲೇ ನಡೆಯಿತು.

ಜಾಲದ ಕತೆಯಲ್ಲಿ ಅತ್ಯಂತ ಫಲವತ್ತಾದ ಅಧ್ಯಾಯ ಕೊಲಂಬಿಯಾದ್ದು. 1989ರ ಜುಲೈನಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ವ್ಯವಸ್ಥೆ ಮುರಿದುಬಿತ್ತು. ಕಾಫಿಯ ಬೆಲೆ ಕುಸಿಯಿತು. ಕೊಲಂಬಿಯಾದ ಸಣ್ಣ ಬೆಳೆಗಾರರು ಕಂಗಾಲಾದರು. ಪಲ್ಪಿಂಗ್ ಮಾಡುವಾಗ ತೆಗೆದ ಹಣ್ಣಿನ ಸಿಪ್ಪೆ ರಾಶಿ ರಾಶಿಯಾಗಿ ಕೊಳೆತು ನಾರುತ್ತಿತ್ತು, ತೊಳೆದ ನೀರು ತೊರೆಗಳಿಗೆ ಹೋಗುತ್ತಿತ್ತು. ಕೆಫೀನ್ ಮತ್ತು ಟ್ಯಾನಿನ್ ಇರುವ ಕಾರಣ ಆ ಸಿಪ್ಪೆ ದನಕ್ಕೆ ಒಳ್ಳೆಯ ಮೇವಲ್ಲ. ಗಿಡದಲ್ಲಿ ಬೆಳೆದದ್ದರಲ್ಲಿ ಕುಡಿಯುವ ಲೋಟಕ್ಕೆ ಬರುವುದು ಶೇ. 0.2 ಮಾತ್ರ ಎಂಬುದು ಪೌಲಿ ಕೊಡುವ ಲೆಕ್ಕ.

ಹಾಂಗ್‌ಕಾಂಗ್‌ನ ಚೀನೀ ವಿಶ್ವವಿದ್ಯಾಲಯದ ಪ್ರೊಫೆಸರ್ ಆಗಿದ್ದ ಶು-ಟಿಂಗ್ ಚಾಂಗ್ ಅಣಬೆ ವಿಜ್ಞಾನದಲ್ಲಿ ಜಗತ್ತಿಗೆ ಹಿರಿಯರು. ಕೃಷಿಯ ಕಸದ ಮೇಲೆ ಅಣಬೆ ಬೆಳೆಯುವ ವಿದ್ಯೆ ಅವರದು. ಕೊಲಂಬಿಯಾದ ಕಾಫಿ ಬೆಳೆಗಾರರ ಒಕ್ಕೂಟ 1938ರಲ್ಲಿ ಸ್ಥಾಪಿಸಿದ ಸೆನಿಕಾಫೆ ಸಂಶೋಧನಾ ಕೇಂದ್ರ ಕಾಫಿಯ ಒಳಹೊರಗನ್ನೆಲ್ಲ ಬಲ್ಲದು. ಝೆರಿ ಈ ಎರಡನ್ನೂ ಹತ್ತಿರ ತಂದಿತು. ಮನಿಸಾಲೆಸ್‌ನ ವಿಜ್ಞಾನಿ ಕಾರ್ಮೆನ್ಸಾ ಹರಮಿಲ್ಲೊ ಕಾಫಿ ಸಿಪ್ಪೆ, ಹೊಟ್ಟು, ಕಡಿದ ಕಾಫಿ ಗಿಡದ ಪುಡಿ ಇವುಗಳ ಮೇಲೆ ಚಿಪ್ಪು ಅಣಬೆ, ಶಿಟಾಕೆ ಅಣಬೆಗಳನ್ನು ಬೆಳೆದು ತೋರಿಸಿದರು. ಅಣಬೆಯ ಬಳಿಕ ಉಳಿದದ್ದರಲ್ಲಿ ಕೆಫೀನ್ ಇಳಿದಿರುತ್ತದೆ, ಆಗ ಅದನ್ನು ಮೇವಿಗೂ ಗೊಬ್ಬರಕ್ಕೂ ಬಳಸಬಹುದು. ಸೆನಿಕಾಫೆ ತಾನಾಗಿ ಇನ್ನೊಂದು ಕೆಲಸವನ್ನೂ ಮಾಡಿತ್ತು. ಒಂದು ಕಿಲೋ ಒಣ ಪಾರ್ಚ್‌ಮೆಂಟ್ ಕಾಫಿಗೆ (ತೆಳು ಒಳಸಿಪ್ಪೆ ಇರುವ ಬೀಜಕ್ಕೆ) ಸುಮಾರು 40 ಲೀಟರ್ ನೀರು ಬೇಡುತ್ತಿದ್ದ ಸಂಸ್ಕರಣೆಯನ್ನು ಒಂದು ಲೀಟರಿಗೆ ಇಳಿಸುವ ಯಂತ್ರವ್ಯವಸ್ಥೆಯನ್ನು ಅದು 1990ರ ದಶಕದಲ್ಲಿ ರೂಪಿಸಿತು.

ಅಣಬೆಯ ಈ ವಿದ್ಯೆ ಕೊಲಂಬಿಯಾಕ್ಕೆ ಸೀಮಿತವಾಗಿ ಉಳಿಯಲಿಲ್ಲ. ಜಿಂಬಾಬ್ವೆಯ ಮುತಾರೆಯಲ್ಲಿರುವ ಆಫ್ರಿಕಾ ವಿಶ್ವವಿದ್ಯಾಲಯದಲ್ಲಿ ಮಾರ್ಗರೆಟ್ ಟಗ್ವಿರಾ ಅನಾಥ ಹುಡುಗಿಯರಿಗೆ ಅಣಬೆ ಕೃಷಿ ಕಲಿಸಿದರು. ಅಲ್ಲಿ ಕಲಿತವರಲ್ಲಿ ಚಿಡೊ ಗೊವೇರಾ ಒಬ್ಬರು. ಏಳನೆಯ ವಯಸ್ಸಿಗೆ ತಾಯಿಯನ್ನು ಕಳೆದುಕೊಂಡು ಅಜ್ಜಿ ಮತ್ತು ತಮ್ಮನ ಹೊಟ್ಟೆ ಹೊರೆಯುವ ಹೊಣೆ ಹೊತ್ತಿದ್ದ ಹುಡುಗಿ. ಹನ್ನೊಂದನೆಯ ವಯಸ್ಸಿಗೆ ಜೋಳದ ದಂಟು, ಹುಲ್ಲು, ಹೊಟ್ಟಿನಲ್ಲಿ ಅಣಬೆ ಬೆಳೆಯುವುದನ್ನು ಕಲಿತರು. ಬೆಳೆದು ದೊಡ್ಡವರಾದ ಮೇಲೆ ದೇಶ ದೇಶ ಸುತ್ತಿ ನೂರಾರು ಹೆಣ್ಣುಮಕ್ಕಳಿಗೆ ಅದನ್ನೇ ಕಲಿಸಿದರು, ತಮ್ಮದೇ ಪ್ರತಿಷ್ಠಾನವನ್ನೂ ಕಟ್ಟಿದರು. ಅಮೆರಿಕದಲ್ಲಿ 2009ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದ ನಿಖಿಲ್ ಅರೋರಾ ಮತ್ತು ಅಲೆಹಾಂಡ್ರೊ ವೆಲೆಸ್, ತರಗತಿಯಲ್ಲಿ ಕೇಳಿದ ಒಂದು ಮಾತಿನಿಂದ ಹುಮ್ಮಸ್ಸುಗೊಂಡು ಕಾಫಿ ಅಂಗಡಿಗಳ ಚರಟದಲ್ಲಿ ಅಣಬೆ ಬೆಳೆದು ಉದ್ಯಮ ಕಟ್ಟಿದರು. ಹಾಲೆಂಡಿನ ರಾಟರ್‌ಡಾಮ್‌ನಲ್ಲಿ ಮುಚ್ಚಿಹೋಗಿದ್ದ ಈಜುಕೊಳದ ಕಟ್ಟಡವೊಂದರಲ್ಲಿ 2013ರಲ್ಲಿ ಆರಂಭವಾದ ರಾಟರ್‌ಸ್ವಾಮ್ ಎಂಬ ಅಣಬೆ ಕಂಪನಿಗೆ ಪೌಲಿಯವರ ಬ್ಲೂ ಇಕಾನಮಿ ಎಂಬ ಪುಸ್ತಕವೇ ಪ್ರೇರಣೆ.

ಕೊಲಂಬಿಯಾದ ಕಾಫಿ ನಾಡಿನಲ್ಲಿ ಗ್ವಾಡುವಾ ಎಂಬ ಹೆಬ್ಬಿದಿರು ಬೆಳೆಯುತ್ತದೆ. ಬಡವರ ಮನೆಗೆ ಬಳಸುವ ಸಾಮಗ್ರಿ ಎಂಬ ತಾತ್ಸಾರ ಅದರ ಬಗ್ಗೆ ಇತ್ತು. 1949ರಲ್ಲಿ ಮನಿಸಾಲೆಸ್‌ನಲ್ಲಿ ಹುಟ್ಟಿದ ವಾಸ್ತುಶಿಲ್ಪಿ ಸಿಮೊನ್ ವೆಲೆಸ್, ಗಳಗಳ ಜೋಡಣೆಯ ಜಾಗದಲ್ಲಿ ಗೆಣ್ಣುಗಳ ನಡುವಿನ ಟೊಳ್ಳಿನಲ್ಲಿ ಸಿಮೆಂಟ್ ಗಾರೆ ತುಂಬಿ ಬೋಲ್ಟು ಹಾಕುವ ವಿಧಾನದಿಂದ ಬಿದಿರಿನಲ್ಲಿ ಭಾರೀ ಕಟ್ಟಡ ಕಟ್ಟಬಹುದೆಂದು ತೋರಿಸಿದರು. ಜರ್ಮನಿಯ ಹ್ಯಾನೋವರ್‌ನಲ್ಲಿ ನಡೆಯಲಿದ್ದ 2000ದ ವಿಶ್ವ ಪ್ರದರ್ಶನಕ್ಕೆ ಝೆರಿಯ ಮಂಟಪವನ್ನು ಅವರಿಂದಲೇ ಕಟ್ಟಿಸಬೇಕೆಂದು ಪೌಲಿ ಹಟ ಹಿಡಿದರು. ಬಿದಿರಿಗೆ ಜರ್ಮನಿಯ ಕಟ್ಟಡ ನಿಯಮಗಳಲ್ಲಿ ಜಾಗವೇ ಇರಲಿಲ್ಲ. ಹಾಗಾಗಿ ಅದೇ ಅಳತೆಯ ಮಂಟಪವನ್ನು ಮೊದಲು ಮನಿಸಾಲೆಸ್‌ನಲ್ಲಿ ಕಟ್ಟಿ, ಭಾರ ಹೇರಿ ಪರೀಕ್ಷಿಸಿದರು. ಅದೇ ಹೊತ್ತಿಗೆ, 1999ರ ಜನವರಿ 25ರಂದು, ಕಾಫಿ ನಾಡಿನ ಅರ್ಮೇನಿಯಾ ಪಟ್ಟಣದ ಸುತ್ತ ಭೂಕಂಪವಾಯಿತು. ಸಾವಿರಕ್ಕೂ ಹೆಚ್ಚು ಜನ ಸತ್ತರು. ಸರಿಯಾಗಿ ಬಲಪಡಿಸದ ಇಟ್ಟಿಗೆ, ಕಾಂಕ್ರೀಟ್ ಕಟ್ಟಡಗಳು ಕುಸಿದಲ್ಲಿ ಗ್ವಾಡುವಾ ಬಳಸಿ ಕಟ್ಟಿದ ಒಳ್ಳೆಯ ಮನೆಗಳು ತಡೆದುಕೊಂಡವು. ಬಿದಿರಿನ ಬಗ್ಗೆ ಮನೋಭಾವ ಬದಲಾಯಿಸಲು ಇದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ.

ಹ್ಯಾನೋವರ್‌ನ ಮಂಟಪ ಹತ್ತು ಮೂಲೆಯದು, 40 ಮೀಟರ್ ಅಡ್ಡಳತೆಯದು. ಆ ಪ್ರದರ್ಶನದಲ್ಲಿ ಜನರ ಮನಗೆದ್ದ ಕಟ್ಟಡಗಳಲ್ಲಿ ಅದೂ ಒಂದು. ಪ್ರದರ್ಶನ ಮುಗಿದ ಮೇಲೆ ಅದನ್ನು ಕಳಚಿಹಾಕಿದರು. ಮನಿಸಾಲೆಸ್‌ನ ಮಂಟಪ ಮಾತ್ರ ಸಭೆ ಸಮಾರಂಭಗಳಿಗೆ ಬಳಕೆಯಾಗುತ್ತ ಅಲ್ಲೇ ಉಳಿದುಬಂತು.

ಝೆರಿ ಹುಟ್ಟುವುದಕ್ಕಿಂತ ಎರಡು ದಶಕ ಮೊದಲು ಕೊಲಂಬಿಯಾದಲ್ಲೇ ಶುರುವಾದ ಪ್ರಯೋಗವೊಂದಿತ್ತು. 1971ರಲ್ಲಿ ಪಾವ್ಲೊ ಲುಗಾರಿ ದೇಶದ ಪೂರ್ವದ ವಿಚಾಡಾ ಪ್ರಾಂತದ ಬಂಜರು ಹುಲ್ಲುಗಾವಲಿನಲ್ಲಿ ಗವಿಯೋಟಾಸ್ ಎಂಬ ಊರು ಕಟ್ಟಿದರು. ಮಣ್ಣು ಹುಳಿ, ಬೆಳೆ ಹತ್ತದು. ಹೊಂಡುರಾಸ್ ಕಡೆಯ ಕೆರಿಬಿಯನ್ ಪೈನ್ ಸಸಿಗಳ ಬೇರಿಗೆ ಸಹಜೀವಿ ಶಿಲೀಂಧ್ರ ಹಚ್ಚಿ ನೆಟ್ಟಾಗ ಅವು ಎದ್ದವು. ಸುಮಾರು 8,000 ಹೆಕ್ಟೇರ್ ಪೈನ್ ಬೆಳೆಯಿತು. ಅದರ ನೆರಳಿನಲ್ಲಿ ಹಕ್ಕಿಗಳೂ ಗಾಳಿಯೂ ತಂದ ಬೀಜದಿಂದ ಉಷ್ಣವಲಯದ ಕಾಡು ತಾನಾಗಿ ಮರಳಿ ಬಂತು. ಮರದ ಅಂಟು ಬಣ್ಣ ಮತ್ತು ಕಾಗದದ ಉದ್ಯಮಕ್ಕೆ ಹೋಗಿ ಊರಿಗೆ ಆದಾಯ ತಂದಿತು. ಗವಿಯೋಟಾಸ್‌ನ ಈ ಅಂಟಿನ ಕಾರ್ಖಾನೆಗೆ 1997ರಲ್ಲಿ ಝೆರಿಯ ಜಾಗತಿಕ ಪ್ರಶಸ್ತಿ ಸಿಕ್ಕಿತು. ಇಂಥವರನ್ನು ಹುಡುಕಿ, ಅವರ ಅನುಭವವನ್ನು ಇನ್ನೊಂದು ದೇಶದವರ ಕಿವಿಗೆ ಮುಟ್ಟಿಸಿದ್ದು ಜಾಲದ ದೊಡ್ಡ ಕೆಲಸ.

ಜಪಾನಿನಲ್ಲಿ ಈ ವಿಚಾರ ಸರ್ಕಾರದ ನೀತಿಯೇ ಆಯಿತು. 1997ರಲ್ಲಿ ಅಲ್ಲಿನ ಸರ್ಕಾರ ಇಕೋ-ಟೌನ್ ಯೋಜನೆ ಆರಂಭಿಸಿ, ಒಂದು ಕಾರ್ಖಾನೆಯ ಕಸ ಇನ್ನೊಂದಕ್ಕೆ ಕಚ್ಚಾವಸ್ತುವಾಗುವ ಕೈಗಾರಿಕಾ ನೆಲೆಗಳಿಗೆ ಹಣ ಕೊಟ್ಟಿತು. ಮೊದಲು ಆಯ್ಕೆಯಾದ ನಗರಗಳಲ್ಲಿ ಕವಾಸಾಕಿ, ಕಿತಾಕ್ಯುಶು ಸೇರಿದ್ದವು. ಕಿತಾಕ್ಯುಶುವಿನ ಡೊಕಾಯ್ ಕೊಲ್ಲಿಯಲ್ಲಿ 1960ರ ದಶಕದಲ್ಲಿ ಜೀವಿಗಳೇ ಉಳಿಯದಷ್ಟು ಕೊಳೆ ತುಂಬಿತ್ತು. ಒಗೆದು ಹರವಿದ ಬಟ್ಟೆಯ ಮೇಲೆ ಕೂರುವ ಮಸಿಯನ್ನು ಅಳೆದು ಹೋರಾಟಕ್ಕಿಳಿದ ಗೃಹಿಣಿಯರು ಆ ನಗರದ ಬದಲಾವಣೆಗೆ ಮುಂದಾಳುಗಳಾಗಿದ್ದರು. 2006ರ ಹೊತ್ತಿಗೆ 26 ಇಕೋ-ಟೌನ್‌ಗಳಾದವು. ಹಣ, ಕಾನೂನು, ನಾಗರಿಕರ ಒತ್ತಡ ಮೂರೂ ಇದ್ದಲ್ಲಿ ಕೆಲಸ ವೇಗವಾಗಿ ಸಾಗಿತು.

ಪೌಲಿ 1996ರಲ್ಲಿ ಜಿನೀವಾದಲ್ಲಿ ಝೆರಿ ಪ್ರತಿಷ್ಠಾನ ಸ್ಥಾಪಿಸಿದರು, ಜಾಲ ವಿಶ್ವವಿದ್ಯಾಲಯದ ಗೋಡೆ ದಾಟಿತು. 2010ರಲ್ಲಿ ಕ್ಲಬ್ ಆಫ್ ರೋಮ್ ಎಂಬ ಚಿಂತಕರ ಕೂಟಕ್ಕೆ ಸಲ್ಲಿಸಿದ ವರದಿಯಾಗಿ ಅವರ ಬ್ಲೂ ಇಕಾನಮಿ ಪುಸ್ತಕ ಬಂತು. ಹತ್ತು ವರ್ಷ, ನೂರು ಆವಿಷ್ಕಾರ, ಹತ್ತು ಕೋಟಿ ಉದ್ಯೋಗ ಎಂಬುದು ಅದರ ಭರವಸೆ. ಹಲವು ಭಾಷೆಗಳಿಗೆ ಅನುವಾದವಾದ ಆ ಪುಸ್ತಕ ಯುವ ಉದ್ಯಮಿಗಳಲ್ಲಿ ಉತ್ಸಾಹ ತುಂಬಿತು. ಹತ್ತು ವರ್ಷ ಕಳೆದು 2020 ಬಂದಾಗ ಹತ್ತು ಕೋಟಿ ಉದ್ಯೋಗ ಎಲ್ಲೂ ಕಾಣಲಿಲ್ಲ. ಅಷ್ಟು ದೊಡ್ಡ ಸಂಖ್ಯೆಯನ್ನು ಮುಂದಿಟ್ಟದ್ದು ಜಾಲಕ್ಕೆ ಒಳಿತು ಮಾಡಲಿಲ್ಲ. ಅದರ ಸಾಧನೆಯನ್ನು ಆ ಅಂಕಿಯಿಂದ ಅಳೆದರೆ ಸೋಲೆನಿಸುತ್ತದೆ, ಕೊಲಂಬಿಯಾ ಮತ್ತು ಮುತಾರೆಯ ಅಣಬೆ ಬೆಳೆಗಾರರಿಂದ ಅಳೆದರೆ ಗೆಲುವೆನಿಸುತ್ತದೆ.

ಈ ಒಂದೂವರೆ ಶತಮಾನದ ಚರಿತ್ರೆಯನ್ನು ಒಟ್ಟಿಗೆ ಇಟ್ಟು ನೋಡಿದಾಗ ಮೂರು ಒತ್ತಾಸೆಗಳು ಕಾಣುತ್ತವೆ. ವಿಡ್ನಿಸ್‌ನಲ್ಲಿ ಕಾನೂನು ದಾರಿ ತೆರೆಯಿತು. ಕಲುಂಡ್‌ಬೋರ್ಗ್‌ನಲ್ಲಿ ನೆರೆಹೊರೆಯ ವ್ಯಾಪಾರ. ಝೆರಿ ಸೇರಿಸಿದ್ದು ಮೂರನೆಯದನ್ನು: ಹಾಂಗ್‌ಕಾಂಗ್‌ನ ಅಣಬೆ ವಿಜ್ಞಾನಿಗೂ ಆಂಡಿಸ್ ಬೆಟ್ಟದ ಕಾಫಿ ಬೆಳೆಗಾರನಿಗೂ, ಚೀನಾದ ಮೀನು ಸಾಕುವವನಿಗೂ ಫಿಜಿಯ ಶಾಲೆಗೂ ಪರಿಚಯ ಮಾಡಿಸುವ ಕೆಲಸ. ಈ ಪರಿಚಯಕ್ಕೆ ಸ್ಥಳೀಯ ಸಂಸ್ಥೆ ಮತ್ತು ಸ್ಥಳೀಯ ಮಾರುಕಟ್ಟೆ ಜೊತೆಯಾದಲ್ಲಿ ಪ್ರಯೋಗ ಬೇರು ಬಿಟ್ಟಿತು.

ಕರ್ನಾಟಕಕ್ಕೆ ಈ ಚರಿತ್ರೆ ದೂರದ್ದಲ್ಲ. ಭಾರತದ ಕಾಫಿಯಲ್ಲಿ ಸುಮಾರು ಶೇ. 70 ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳಲ್ಲಿ. ಕೊಲಂಬಿಯಾದ ಪೆನಾಗೋಸ್ ಕಂಪನಿಯ ಕಡಿಮೆ ನೀರಿನ ಪಲ್ಪರ್‌ಗಳು ಇಲ್ಲಿನ ತೋಟಗಳಿಗೂ ಬಂದಿವೆ. ಆದರೆ ಅರೇಬಿಕಾ ಕೊಯ್ಲು ನಡೆಯುವುದು ನವೆಂಬರಿನಿಂದ ಜನವರಿಯವರೆಗೆ, ಹಳ್ಳಗಳಲ್ಲಿ ನೀರು ಇಳಿಮುಖವಾಗುವ ಕಾಲದಲ್ಲಿ. ಆಗ ಪಲ್ಪಿಂಗ್ ನೀರು ಸೇರಿದರೆ ಕಾವೇರಿ, ಹೇಮಾವತಿ, ಭದ್ರಾ ನದಿಗಳ ಮೇಲ್ದಂಡೆಯ ತೊರೆಗಳು ಕಪ್ಪಾಗಿ ಹುಳಿಯುತ್ತವೆ, ಮೀನು ಸಾಯುತ್ತವೆ, ಕೆಳಗಿನ ಊರಿನವರು ಆ ನೀರನ್ನು ಮುಟ್ಟುವಂತಿಲ್ಲ. ಹಣ್ಣಿನ ಸಿಪ್ಪೆ ಬಹಳಷ್ಟು ಕಡೆ ಗೊಬ್ಬರದ ಗುಂಡಿಯಲ್ಲೇ ಕೊನೆಗಾಣುತ್ತದೆ.

ಇದನ್ನು ಬದಲಾಯಿಸಲು ಬೇಕಾದ ವಿದ್ಯೆಗೆ ನಾವು ಹೊರಗೆ ಹೋಗಬೇಕಿಲ್ಲ. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ 1925ರಿಂದ ಕೆಲಸ ಮಾಡುತ್ತಿದೆ. ಕಾಫಿ ಸಿಪ್ಪೆ, ಹೊಟ್ಟುಗಳಿಂದ ಬೆಲೆಬಾಳುವ ಪದಾರ್ಥಗಳನ್ನು ತೆಗೆಯುವ ಬಗ್ಗೆ ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಸಂಶೋಧನೆ ಮಾಡಿ ಪ್ರಕಟಿಸಿದ್ದಾರೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಅಣಬೆ ಬೀಜ ಕೊಡುತ್ತದೆ, ಬೆಳೆಯುವ ತರಬೇತಿಯನ್ನೂ ನೀಡುತ್ತದೆ. ಮಲೆನಾಡಿನ ತಂಪು ಹವೆ ಚಿಪ್ಪು ಅಣಬೆಗೆ ಹೇಳಿ ಮಾಡಿಸಿದ್ದು. ಅಣಬೆ ರುಚಿ ಬಲ್ಲ ಜನ, ದುಡಿಮೆಗೆ ಸಿದ್ಧವಾದ ಮಹಿಳಾ ಸ್ವಸಹಾಯ ಸಂಘಗಳು ಊರೂರಲ್ಲಿವೆ.

ಕಾಫಿ ಮಂಡಳಿ, ಈ ಮೂರು ಸಂಶೋಧನಾ ಸಂಸ್ಥೆಗಳು, ಮಾಲಿನ್ಯ ನಿಯಂತ್ರಣ ಮಂಡಳಿ, ಬೆಳೆಗಾರರ ಸಂಘಗಳು ಮತ್ತು ಸ್ವಸಹಾಯ ಸಂಘಗಳು ಮುಂದಿನ ಕೊಯ್ಲಿಗೆ ಮೊದಲೇ ಒಂದೆಡೆ ಕೂರಬೇಕು. ಮೂರು ಜಿಲ್ಲೆಗಳಲ್ಲಿ ಒಂದೊಂದು ಹೋಬಳಿ ಆರಿಸಿಕೊಂಡು, ಅಲ್ಲಿನ ಪಲ್ಪಿಂಗ್ ಸಿಪ್ಪೆಯನ್ನೆಲ್ಲ ಅಣಬೆಗೆ, ಮೇವಿಗೆ, ಗೊಬ್ಬರಕ್ಕೆ, ನೀರನ್ನು ಗೋಬರ್ ಗ್ಯಾಸಿಗೆ ತಿರುಗಿಸುವ ಪ್ರಯೋಗವನ್ನು ಲೆಕ್ಕಪತ್ರ ಸಮೇತ ನಡೆಸಿ ಫಲಿತಾಂಶವನ್ನು ಬಹಿರಂಗಪಡಿಸಬೇಕು. ಬೆಳೆಗಾರರು ತಮ್ಮ ಸಂಘದ ಮುಂದಿನ ಸಭೆಯಲ್ಲಿ ಈ ಬೇಡಿಕೆಯನ್ನು ಮುಂದಿಡಲಿ.